ಬ್ಯಾಕ್ಟೀರಿಯಾದ ಗೋಡೆ ಮತ್ತು ಪೊರೆ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಕ್ಷಿಣ ಕೊಡಗಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಕೋಶಭಿತ್ತಿಯ, ಅಂದರೆ ಕೋಶದ ಗೋಡೆಯ, ಪಾಠ ಬಂದಾಗ ಮಕ್ಕಳು ಅರ್ಧ ಪುಟದ ಚಿತ್ರ ಬಿಡಿಸಿ, ಭಾಗಗಳ ಹೆಸರು ಬರೆದು ಮುಂದಕ್ಕೆ ಹೋಗುತ್ತಾರೆ. ಅದೇ ವಿಷಯವನ್ನು ಕಾಲೇಜಿನ ಹೊರಗೆ ಶುಂಠಿ ಹಾಕಿದವರು, ಜ್ವರದ ಮಗುವನ್ನು ಎತ್ತಿಕೊಂಡ ಅಮ್ಮಂದಿರು, ಔಷಧಿ ಅಂಗಡಿಯಲ್ಲಿ ಪಕ್ಕಕ್ಕೆ ನಿಂತವರು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ಯಾವ ಔಷಧಿ ನಾಟುತ್ತದೆ, ಯಾವುದು ನಾಟುವುದಿಲ್ಲ ಅನ್ನುವುದು ಬಹಳ ಸಲ ಆ ಕಣ್ಣಿಗೆ ಕಾಣದ ಗೋಡೆಯ ಮೇಲೇ ನಿಂತಿದೆ. ಹಾಗಾಗಿ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಕೂಡಿಸಿದ್ದೇನೆ.

ಅಷ್ಟು ಸಣ್ಣ ಜೀವಿಗೆ ಗೋಡೆ ಯಾಕೆ ಬೇಕು?

ಒಡೆದು ಹೋಗದೆ ಇರಲು.

ಮೊದಲು ಅಳತೆ ನೋಡಿ. ನಮ್ಮ ಕರುಳಲ್ಲಿ ಇರುವ ಇ. ಕೋಲೈ ಬ್ಯಾಕ್ಟೀರಿಯಾ ಸುಮಾರು 2 ಮೈಕ್ರೋಮೀಟರ್ ಉದ್ದ. ಒಂದು ಮಿಲಿಮೀಟರಿಗೆ 500 ಸಾಲಾಗಿ ನಿಲ್ಲುತ್ತವೆ. 5 ಮಿಲಿಮೀಟರ್ ದಪ್ಪದ ಒಂದು ಕರಿಮೆಣಸಿನ ಕಾಳಿನ ಈ ತುದಿಯಿಂದ ಆ ತುದಿಗೆ 2,500 ಬೇಕು. ಇಷ್ಟು ಚಿಕ್ಕ ಜಾಗದಲ್ಲಿ ಪ್ರೋಟೀನು, ಸಕ್ಕರೆ, ಲವಣ ಎಲ್ಲವೂ ಕಿಕ್ಕಿರಿದು ತುಂಬಿವೆ. ಹೊರಗಡೆ ಬರೀ ನೀರು. ದಟ್ಟವಾಗಿರುವ ಕಡೆಗೆ ನೀರು ನುಗ್ಗುತ್ತದೆ.

ಡಿಸೆಂಬರಿನಲ್ಲಿ ಹಣ್ಣಾದ ಕಾಫಿಗೆ ಅಕಾಲದ ಮಳೆ ಬಿದ್ದರೆ ಏನಾಗುತ್ತದೆ ಅಂತ ತೋಟದವರಿಗೆ ಗೊತ್ತು. ಹಣ್ಣು ನೀರು ಕುಡಿದು ಉಬ್ಬುತ್ತದೆ, ಸಿಪ್ಪೆ ಬಿರಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಈ ಕಷ್ಟ ದಿನದ 24 ಗಂಟೆಯೂ ಇದೆ. ಚರ್ಮದ ಮೇಲಿರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಒಳಗಿನ ಒತ್ತಡ ಸುಮಾರು 20 ವಾಯುಮಂಡಲದಷ್ಟು. ಕಾರಿನ ಟೈರಿಗೆ ನಾವು ಹಾಕಿಸುವ ಗಾಳಿ 2 ವಾಯುಮಂಡಲದ ಆಸುಪಾಸು. ಇ. ಕೋಲೈ ಒಳಗೆ ಇದಕ್ಕಿಂತ ಎಷ್ಟೋ ಕಡಿಮೆ ಒತ್ತಡ, ಆದರೆ ಬರೀ ಪೊರೆಯನ್ನು ಹರಿಯಲು ಅದೂ ಸಾಕು. ಗೋಡೆ ಇರುವುದರಿಂದ ಅದು ಬದುಕಿದೆ.

ಗೋಡೆ, ಪೊರೆ ಎರಡೂ ಒಂದೇ ಅಲ್ವಾ?

ಅಲ್ಲ. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಹೋಗುವುದು ಇಲ್ಲೇ.

ಪೊರೆ ಒಳಗಡೆ, ಗೋಡೆ ಅದರ ಹೊರಗಡೆ. ಪೊರೆ ಎಂದರೆ ಕೊಬ್ಬಿನ ಎರಡು ಪದರ, 7–8 ನ್ಯಾನೋಮೀಟರ್ ದಪ್ಪ (ಒಂದು ಮೈಕ್ರೋಮೀಟರಿಗೆ 1,000 ನ್ಯಾನೋಮೀಟರ್), ಎಣ್ಣೆಯಂತೆ ಮೆತ್ತಗೆ. ಯಾರು ಒಳಗೆ ಬರಬೇಕು, ಯಾರು ಹೊರಗೆ ಹೋಗಬೇಕು ಅಂತ ತೀರ್ಮಾನಿಸುವುದು ಅದು. ಗೋಡೆಗೆ ಆ ಆಯ್ಕೆ ಇಲ್ಲ. ಅದು ಒಂದು ಬಲೆ. ಹಾಕಿ ಮೈದಾನದ ಗೋಲಿನ ಬಲೆ ನೆನಪಿಸಿಕೊಳ್ಳಿ: ಗಾಳಿ ಹೋಗುತ್ತದೆ, ಮಳೆ ನೀರು ಹೋಗುತ್ತದೆ, ಚೆಂಡು ಮಾತ್ರ ನಿಲ್ಲುತ್ತದೆ. ಬ್ಯಾಕ್ಟೀರಿಯಾದ ಗೋಡೆಯೂ ಸಣ್ಣ ಅಣುಗಳನ್ನು ಸುಮ್ನೆ ಬಿಡುತ್ತದೆ, ಉಬ್ಬಿದ ಪೊರೆಯನ್ನು ಮಾತ್ರ ಹಿಡಿದು ನಿಲ್ಲಿಸುತ್ತದೆ. ಕೋಲಿನ ಹಾಗೋ ಗುಂಡಗೋ ಒಂದು ಆಕಾರ ಬರುವುದೂ ಗೋಡೆಯಿಂದಲೇ.

ನಮ್ಮ ದೇಹದ ಕೋಶಗಳಿಗೆ ಪೊರೆ ಇದೆ, ಗೋಡೆ ಇಲ್ಲ. ಇದೊಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಬಲೆ ಯಾವುದರಿಂದ ಹೆಣೆದದ್ದು?

ಪೆಪ್ಟಿಡೋಗ್ಲೈಕನ್ ಅಂತ ಹೆಸರು. ಉದ್ದದ ಎಳೆ ಸಕ್ಕರೆಯದು, ಅಡ್ಡದ ಕೊಂಡಿ ಅಮೈನೋ ಆಮ್ಲದ್ದು. ಎಳೆಯಲ್ಲಿ ಎರಡು ಬಗೆಯ ಸಕ್ಕರೆ ಒಂದಾದ ಮೇಲೊಂದು ಬರುತ್ತವೆ. ಅವನ್ನು ಎನ್‌ಎಜಿ, ಎನ್‌ಎಎಂ ಅಂತ ಕರೆಯುತ್ತೇವೆ. ಗದ್ದೆ ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಪೂರ್ತಿ ಎನ್‌ಎಜಿಯದ್ದೇ ಸರಪಳಿ. ಆದರೆ ಎನ್‌ಎಎಂ ಬ್ಯಾಕ್ಟೀರಿಯಾದ ಸ್ವಂತ ಸೊತ್ತು. ಗಿಡದ ಗೋಡೆ ಸೆಲ್ಯುಲೋಸಿನದು, ಅಣಬೆಯ ಗೋಡೆಯಲ್ಲಿ ಕೈಟಿನ್ ಇದೆ. ಎರಡರಲ್ಲೂ ಪೆಪ್ಟಿಡೋಗ್ಲೈಕನ್ ಇಲ್ಲ.

ಕೊಂಡಿಯಲ್ಲಿ ಇನ್ನೊಂದು ವಿಶೇಷ. ಅಮೈನೋ ಆಮ್ಲಕ್ಕೆ ಎಡಗೈ, ಬಲಗೈ ಹಾಗೆ ಕನ್ನಡಿ ಬಿಂಬದ ಎರಡು ರೂಪ ಇರುತ್ತವೆ. ನಮ್ಮ ಪ್ರೋಟೀನುಗಳಲ್ಲಿ ಎಡಗೈ ರೂಪದ ಅಮೈನೋ ಆಮ್ಲ ಮಾತ್ರ ಬಳಕೆಯಾಗುತ್ತದೆ. ಈ ಕೊಂಡಿಯಲ್ಲಿ ಬಲಗೈ ರೂಪದವೂ ಸೇರಿವೆ. ಪ್ರೋಟೀನು ಕತ್ತರಿಸುವ ಮಾಮೂಲಿ ಕಿಣ್ವಗಳಿಗೆ ಅದು ಸುಲಭವಾಗಿ ಸಿಕ್ಕುವುದಿಲ್ಲ. ಇಷ್ಟೆಲ್ಲ ಹೆಣೆದ ಮೇಲೆ ಇಡೀ ಕೋಶಕ್ಕೆ ಸುತ್ತಿದ ಆ ಚೀಲ ಒಂದೇ ಒಂದು ದೊಡ್ಡ ಅಣು. ಪ್ರತಿ ವರ್ಷ ಕಲಿಸಿದರೂ ಈ ಮಾತು ನನಗೆ ಹಳೆಯದು ಅನ್ನಿಸಿಲ್ಲ.

ಒಳ್ಳೆಯ ಊಟ, ಬೆಚ್ಚಗಿನ ಜಾಗ ಸಿಕ್ಕರೆ ಇ. ಕೋಲೈ 20 ನಿಮಿಷಕ್ಕೆ ಎರಡಾಗುತ್ತದೆ. ಅಷ್ಟರಲ್ಲಿ ಬಲೆಯನ್ನು ಅಲ್ಲಲ್ಲಿ ಕತ್ತರಿಸಿ, ಹೊಸ ಎಳೆ ಸೇರಿಸಿ, ಮತ್ತೆ ಕೊಂಡಿ ಹಾಕಬೇಕು. ಒತ್ತಡ ಒಂದು ಕ್ಷಣವೂ ಇಳಿಯುವುದಿಲ್ಲ. ತುಂಬಿದ ಕೆರೆಯ ಏರಿಯನ್ನು ನೀರು ಇರುವಾಗಲೇ ಬಿಚ್ಚಿ ಅಗಲ ಮಾಡಿದ ಹಾಗೆ.

ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್ ಅಂತ ಲ್ಯಾಬ್ ರಿಪೋರ್ಟಿನಲ್ಲಿ ಬರೆದಿರುತ್ತಾರೆ. ಪಾಸಿಟಿವ್ ಅಂದ್ರೆ ಕಾಯಿಲೆ ಇದೆ ಅಂತಾನಾ?

ಅಲ್ಲ. ಇದು ತೂಕದ ಗ್ರಾಮೂ ಅಲ್ಲ, ಒಬ್ಬ ವೈದ್ಯರ ಹೆಸರು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಬರ್ಲಿನ್ನಿನಲ್ಲಿದ್ದರು. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕುಗಳಲ್ಲಿ ಬ್ಯಾಕ್ಟೀರಿಯಾವನ್ನು ಕಣ್ಣಿಗೆ ಕಾಣಿಸುವಂತೆ ಮಾಡಲು ಬಣ್ಣ ಹಾಕಿ ನೋಡುತ್ತಿದ್ದರು. ಕೆಲವು ಬ್ಯಾಕ್ಟೀರಿಯಾ ನೇರಳೆ ಬಣ್ಣ ಬಿಡಲಿಲ್ಲ, ಕೆಲವು ಬಿಟ್ಟವು. ಬಣ್ಣ ಹಿಡಿದುಕೊಂಡದ್ದು ಪಾಸಿಟಿವ್, ಬಿಟ್ಟದ್ದು ನೆಗೆಟಿವ್. ಅದರ ಅರ್ಥ ಅಷ್ಟೇ.

ನಮ್ಮ ಕಾಲೇಜಿನಲ್ಲಿ ಮೊಸರಿನಿಂದ ಮಾಡುತ್ತೇವೆ. ಗಾಜಿನ ಸ್ಲೈಡಿನ ಮೇಲೆ ಒಂದು ಚುಕ್ಕೆ ಮೊಸರನ್ನು ನೀರಿನಲ್ಲಿ ತೆಳ್ಳಗೆ ಹರಡಿ, ಒಣಗಿಸಿ, ದೀಪದ ಜ್ವಾಲೆಯ ಮೇಲೆ ಎರಡು ಮೂರು ಸಲ ಬೀಸಿ ಅಂಟಿಸಬೇಕು. ಆಮೇಲೆ ಕ್ರಿಸ್ಟಲ್ ವಯೊಲೆಟ್, ಒಂದು ನಿಮಿಷ. ಸ್ಲೈಡೆಲ್ಲ ಕಡು ನೇರಳೆ. ತೊಳೆದು ಅಯೋಡಿನ್, ಇನ್ನೊಂದು ನಿಮಿಷ. ಬಣ್ಣ ಮತ್ತು ಅಯೋಡಿನ್ ಒಳಗಡೆ ಕೂಡಿಕೊಂಡು ದೊಡ್ಡ ಗಂಟಾಗುತ್ತದೆ. ಮತ್ತೆ ತೊಳೆದು ಸ್ಲೈಡನ್ನು ಓರೆ ಹಿಡಿದು ಆಲ್ಕೋಹಾಲ್ ಬಿಡಬೇಕು. ನೇರಳೆ ನೀರು ಇಳಿಯುತ್ತಾ ಇಳಿಯುತ್ತಾ ತಿಳಿಯಾಗುತ್ತದೆ. ತಿಳಿಯಾದ ಕೂಡಲೇ ನಿಲ್ಲಿಸಿ ನೀರು ಹಾಕಬೇಕು. ಕೊನೆಗೆ ಕೆಂಪು ಸಫ್ರಾನಿನ್. ಈ ಕೊನೆಯ ಬಣ್ಣ ಗ್ರಾಂ ಅವರದ್ದಲ್ಲ, ಆಮೇಲೆ ಸೇರಿಸಿದ್ದು.

ಇಡೀ ಕೆಲಸದ ಜೀವ ಇರುವುದು ಆ ಆಲ್ಕೋಹಾಲಿನ ಕೆಲವು ಸೆಕೆಂಡಿನಲ್ಲಿ. ಗ್ರಾಂ ಪಾಸಿಟಿವ್ ಗೋಡೆ ದಪ್ಪ, 20ರಿಂದ 80 ನ್ಯಾನೋಮೀಟರ್. ಆಲ್ಕೋಹಾಲು ಅದರ ನೀರನ್ನು ಹೀರಿ ಬಲೆಯ ಕಣ್ಣುಗಳನ್ನು ಬಿಗಿ ಮಾಡುತ್ತದೆ, ಬಣ್ಣದ ಗಂಟು ಒಳಗೇ ಉಳಿಯುತ್ತದೆ. ಗ್ರಾಂ ನೆಗೆಟಿವ್ ಗೋಡೆ ಕೆಲವೇ ನ್ಯಾನೋಮೀಟರ್. ಅದರ ಹೊರಗಿನ ಕೊಬ್ಬಿನ ಪೊರೆಯನ್ನೂ ಆಲ್ಕೋಹಾಲು ಕರಗಿಸುತ್ತದೆ, ಬಣ್ಣ ಹರಿದು ಹೋಗುತ್ತದೆ. ಬಣ್ಣ ಕಳೆದುಕೊಂಡದ್ದು ಆಮೇಲೆ ಸಫ್ರಾನಿನ್ನಿನ ಗುಲಾಬಿ ಹಿಡಿಯುತ್ತದೆ.

ಒಂದು ಜುಲೈನಲ್ಲಿ ಕರೆಂಟ್ ಹೋಗಿ, ಕಿಟಕಿಯ ಮಬ್ಬು ಬೆಳಕಿನಲ್ಲಿ ಸ್ಲೈಡ್ ಮಾಡುತ್ತಿದ್ದೆ. ಬಣ್ಣ ಇಳಿದದ್ದು ಸರಿಯಾಗಿ ಕಾಣದೆ ಆಲ್ಕೋಹಾಲನ್ನು ಜಾಸ್ತಿ ಹೊತ್ತು ಬಿಟ್ಟೆ. ಸೂಕ್ಷ್ಮದರ್ಶಕದಲ್ಲಿ ನೋಡಿದ ಹುಡುಗಿ, "ಮಿಸ್, ಮೊಸರಿನಲ್ಲಿ ಎಲ್ಲಾ ಗುಲಾಬಿ ಇದೆಯಲ್ಲಾ?" ಅಂದಳು. ಮೊಸರಿನ ಲ್ಯಾಕ್ಟೊಬ್ಯಾಸಿಲಸ್ ನೇರಳೆ ಆಗಬೇಕಿತ್ತು. ತಪ್ಪು ನನ್ನ ಕೈಯದು. ಇದೇ ತಪ್ಪು ರೋಗಿಯ ಮಾದರಿಯಲ್ಲಿ ಆದರೆ ಔಷಧಿಯೇ ಬದಲಾಗಬಹುದು. ಅಂದಿನಿಂದ ಗೊತ್ತಿರುವ ಗ್ರಾಂ ಪಾಸಿಟಿವ್ ಒಂದು, ನೆಗೆಟಿವ್ ಒಂದು ಅದೇ ಸ್ಲೈಡಿನ ಮೂಲೆಯಲ್ಲಿ ಹಚ್ಚದೆ ನಾನು ಶುರು ಮಾಡುವುದಿಲ್ಲ.

ತೆಳ್ಳಗಿನ ಗೋಡೆ ಇದ್ರೆ ಗ್ರಾಂ ನೆಗೆಟಿವ್ ಸುಲಭವಾಗಿ ಸಾಯಬೇಕಲ್ವಾ?

ಹಾಗೆ ಅನ್ನಿಸುತ್ತದೆ. ನಡೆಯುವುದು ಉಲ್ಟಾ. ಗೋಡೆ ತೆಳು ನಿಜ, ಆದರೆ ಅದರ ಹೊರಗೆ ಇನ್ನೊಂದು ಪೊರೆ ಇದೆ. ಅದರ ಹೊರಮೈಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ಅಣುಗಳು ಒತ್ತೊತ್ತಾಗಿ ನಿಂತಿವೆ. ಬುಡ ಕೊಬ್ಬು, ತಲೆ ಸಕ್ಕರೆಯ ಜಡೆ. ನಾಟಿ ಮಾಡಿದ ಗದ್ದೆಯ ಪೈರು ಕಣ್ಣಿಗೆ ತಂದುಕೊಳ್ಳಿ, ಬೇರು ಕೆಸರಲ್ಲಿ, ಎಲೆ ಮೇಲೆ. ಎಣ್ಣೆಯಲ್ಲಿ ಕರಗುವ ವಸ್ತುಗಳಿಗೆ, ಪಿತ್ತರಸಕ್ಕೆ ಇದು ತಡೆ. ಪಿತ್ತ ಸುರಿಯುವ ಕರುಳಿನಲ್ಲಿ ಇ. ಕೋಲೈ ಆರಾಮಾಗಿ ಬದುಕುವುದು ಇದರಿಂದಲೇ.

ಊಟ ಒಳಗೆ ಬರಲು ಪೋರಿನ್ ಎಂಬ ಪ್ರೋಟೀನಿನ ಕಂಡಿಗಳಿವೆ. ಸಣ್ಣ ಅಣುಗಳು ಮಾತ್ರ ಅದರಲ್ಲಿ ನುಸುಳುತ್ತವೆ. ವ್ಯಾಂಕೊಮೈಸಿನ್ ಒಳ್ಳೆಯ ಔಷಧಿ, ಗೋಡೆಯ ಕಚ್ಚಾ ಎಳೆಯನ್ನೇ ಹಿಡಿದು ಕೆಲಸ ನಿಲ್ಲಿಸುತ್ತದೆ. ಆದರೆ ಅದರ ಅಣು ತುಂಬಾ ದೊಡ್ಡದು. ಪೋರಿನ್ನಿನಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಗ್ರಾಂ ನೆಗೆಟಿವ್ ಸೋಂಕಿಗೆ ಅದನ್ನು ಕೊಡುವುದಿಲ್ಲ.

ಲಿಪೊಪಾಲಿಸ್ಯಾಕರೈಡಿನ ಕೊಬ್ಬಿನ ಬುಡ ರಕ್ತಕ್ಕೆ ಸೇರಿದರೆ ನಮ್ಮ ದೇಹ ಅದನ್ನು ಕೂಡಲೇ ಗುರುತು ಹಿಡಿಯುತ್ತದೆ. ಜ್ವರ ಏರುತ್ತದೆ, ಜಾಸ್ತಿಯಾದರೆ ರಕ್ತದ ಒತ್ತಡ ಕುಸಿಯುತ್ತದೆ. ಬ್ಯಾಕ್ಟೀರಿಯಾ ಸತ್ತಿದ್ದರೂ ಅದರ ಚೂರು ಇಷ್ಟು ಮಾಡಬಲ್ಲದು.

ಪೊರೆ ಬರೀ ಬಾಗಿಲು ಕಾಯುತ್ತದಾ?

ಅದಕ್ಕಿಂತ ದೊಡ್ಡ ಕೆಲಸ ಇದೆ. ನಮ್ಮ ಕೋಶದಲ್ಲಿ ಶಕ್ತಿ ತಯಾರಿಸಲು ಮೈಟೋಕಾಂಡ್ರಿಯಾ ಇದೆ. ಬ್ಯಾಕ್ಟೀರಿಯಾಕ್ಕೆ ಅದಿಲ್ಲ. ಆ ಕೆಲಸ ಪೊರೆಯದ್ದು. ಆಹಾರ ಉರಿಸಿದ ಶಕ್ತಿಯಲ್ಲಿ ಪ್ರೋಟಾನುಗಳನ್ನು ಹೊರಗೆ ತಳ್ಳಿ ಗುಡ್ಡೆ ಹಾಕುತ್ತದೆ. ಹಾರಂಗಿಯಲ್ಲಿ ನೀರು ಕಟ್ಟಿ ನಿಲ್ಲಿಸಿ ಬೇಕಾದ ಕಡೆ ಬಿಟ್ಟ ಹಾಗೆ, ಆ ಪ್ರೋಟಾನುಗಳನ್ನು ಒಂದೇ ದಾರಿಯಲ್ಲಿ ಒಳಗೆ ಬಿಟ್ಟುಕೊಂಡು ಎಟಿಪಿ ಎಂಬ ಶಕ್ತಿ ತುಂಬಿದ ಅಣುವನ್ನು ತಯಾರಿಸುತ್ತದೆ. ಪೊರೆಯಲ್ಲಿ ತೂತು ಬಿದ್ದರೆ ಅಣೆಕಟ್ಟು ಒಡೆದಂತೆ. ಗೋಡೆ ಗಟ್ಟಿ ಇದ್ದರೂ ಪ್ರಯೋಜನ ಇಲ್ಲ.

ಚಳಿ ಬಂದರೆ ಪೊರೆಗೆ ಬೇರೆ ತೊಂದರೆ. ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯ ಮನೆಗಳಲ್ಲಿ ತೆಂಗಿನೆಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತದೆ, ಪಕ್ಕದಲ್ಲಿರುವ ಎಳ್ಳೆಣ್ಣೆ ಹರಿಯುತ್ತಿರುತ್ತದೆ. ತೆಂಗಿನೆಣ್ಣೆಯ ಕೊಬ್ಬಿನ ಸರಪಳಿಗಳು ಹೆಚ್ಚಾಗಿ ನೆಟ್ಟಗೆ, ಒತ್ತಾಗಿ ಜೋಡಿಸಿಕೊಳ್ಳುತ್ತವೆ. ಎಳ್ಳೆಣ್ಣೆಯವು ನಡುವೆ ಬಾಗಿವೆ, ಒತ್ತಾಗಿ ಕೂರುವುದಿಲ್ಲ. ಬ್ಯಾಕ್ಟೀರಿಯಾ ಚಳಿಯಲ್ಲಿ ತನ್ನ ಪೊರೆಗೆ ಬಾಗಿದ ಸರಪಳಿಗಳನ್ನು ಜಾಸ್ತಿ ಸೇರಿಸಿಕೊಳ್ಳುತ್ತದೆ, ಸೆಕೆಯಲ್ಲಿ ನೆಟ್ಟಗಿನದ್ದನ್ನು. ಮಳೆಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬಲು ಸಮಯ ಹಿಡಿಯುತ್ತದೆ ಅಂತ ಬೇಸರಪಡುವವರು ನೆನಪಿಡಿ: ಹಿಟ್ಟಿನೊಳಗಿನ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಆ ಚಳಿಯಲ್ಲೂ ನಿಧಾನವಾಗಿಯಾದರೂ ಕೆಲಸ ನಡೆಸುತ್ತಿದೆ.

ಪಲ್ಪಿಂಗ್ ಮಾಡಿದ (ಸಿಪ್ಪೆ ತೆಗೆದ) ಕಾಫಿಯ ಲೋಳೆಯನ್ನು ಬ್ಯಾಕ್ಟೀರಿಯಾ ಹೇಗೆ ತಿನ್ನುತ್ತದೆ? ಬಾಯಿ ಇಲ್ವಲ್ಲಾ?

ಲೋಳೆಯಲ್ಲಿರುವ ಪೆಕ್ಟಿನ್ ಅಣು ಪೊರೆ ದಾಟುವಷ್ಟು ಸಣ್ಣದಲ್ಲ. ಹಾಗಾಗಿ ಬ್ಯಾಕ್ಟೀರಿಯಾ, ಯೀಸ್ಟುಗಳು ಕಿಣ್ವವನ್ನು ಹೊರಗೆ ಬಿಟ್ಟು, ಪೆಕ್ಟಿನ್ನನ್ನು ತೊಟ್ಟಿಯಲ್ಲೇ ಚೂರು ಮಾಡಿ, ಚೂರುಗಳನ್ನು ಒಳಗೆ ಎಳೆದುಕೊಳ್ಳುತ್ತವೆ. ನಾವು ಹೊಟ್ಟೆಯೊಳಗೆ ಅರಗಿಸುತ್ತೇವೆ, ಅವು ಹೊರಗಡೆ ಅರಗಿಸುತ್ತವೆ. ಬೇಳೆ ಕೈಗೆ ಜಾರದೆ ಒರಟಾಗಿ ಸಿಕ್ಕಿತು ಅಂದರೆ ಆ ಕೆಲಸ ಮುಗಿದಿದೆ.

ಪೆನಿಸಿಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತೆ, ನಮ್ಮನ್ನು ಯಾಕೆ ಕೊಲ್ಲಲ್ಲ?

ಈಗ ಆ ವ್ಯತ್ಯಾಸ ನೆನಪಿಸಿಕೊಳ್ಳಿ: ನಮಗೆ ಆ ಗೋಡೆ ಇಲ್ಲ. ಪೆನಿಸಿಲಿನ್ ಹೊಡೆಯುವುದು ಗೋಡೆ ಕಟ್ಟುವ ಕೆಲಸಗಾರನಿಗೆ. ಅಡ್ಡ ಕೊಂಡಿ ಹಾಕಲು ಒಂದು ಕಿಣ್ವ ಇದೆ. ಪೆನಿಸಿಲಿನ್ನಿನ ಆಕಾರ ಆ ಕೊಂಡಿಯ ತುದಿಯ ಹಾಗೇ ಇದೆ. ಕಿಣ್ವ ಮೋಸ ಹೋಗಿ ಅದನ್ನು ಹಿಡಿಯುತ್ತದೆ, ಮತ್ತೆ ಬಿಡಲು ಆಗುವುದಿಲ್ಲ. ಇತ್ತ ಹಳೆಯ ಬಲೆ ಕತ್ತರಿಸುವ ಕಿಣ್ವಗಳು ತಮ್ಮ ಕೆಲಸ ಮುಂದುವರಿಸುತ್ತಲೇ ಇರುತ್ತವೆ. ಕತ್ತರಿಸುವುದು ನಡೆದಿದೆ, ಹೊಲಿಯುವುದು ನಿಂತಿದೆ. ಕೊನೆಗೆ ಒಳಗಿನ ಒತ್ತಡವೇ ಕೋಶವನ್ನು ಒಡೆಯುತ್ತದೆ. ಬೆಳೆಯದೆ ಸುಮ್ಮನೆ ಮಲಗಿರುವ ಬ್ಯಾಕ್ಟೀರಿಯಾದ ಮೇಲೆ ಪೆನಿಸಿಲಿನ್ ಅಷ್ಟಾಗಿ ನಾಟದಿರುವುದು ಇದಕ್ಕೇ: ಅದು ಗೋಡೆ ಕಟ್ಟುತ್ತಲೇ ಇಲ್ಲ.

ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅದು ಅಪಾಯವೇ, ಅದು ಬೇರೆ ವಿಷಯ. ವೈದ್ಯರಿಗೆ ಮೊದಲೇ ಹೇಳಬೇಕು.

ಪೆನಿಸಿಲಿನ್ನನ್ನು ಕಂಡವರು ಅಲೆಗ್ಸಾಂಡರ್ ಫ್ಲೆಮಿಂಗ್, 1928ರಲ್ಲಿ, ಲಂಡನ್ನಿನಲ್ಲಿ. ಅದಕ್ಕೂ ಮೊದಲು, 1922ರಲ್ಲಿ ಅವರು ಲೈಸೊಜೈಮ್ ಬಗ್ಗೆ ಬರೆದಿದ್ದರು. ನಮ್ಮ ಕಣ್ಣೀರು, ಮೂಗಿನ ಸಿಂಬಳ, ಮೊಟ್ಟೆಯ ಬಿಳಿ ಲೋಳೆಯಲ್ಲಿ ಇರುವ ಈ ಕಿಣ್ವ ಗೋಡೆಯ ಎಳೆಯ ಆ ಎರಡು ಸಕ್ಕರೆಗಳ ನಡುವಿನ ಬೆಸುಗೆಯನ್ನೇ ಕತ್ತರಿಸುತ್ತದೆ. ಕಣ್ಣು ದಿನವಿಡೀ ಧೂಳಿಗೆ ತೆರೆದಿದ್ದರೂ ಮೇಲಿಂದ ಮೇಲೆ ಸೋಂಕು ತಗಲದಿರಲು ಇದೂ ಒಂದು ಕಾರಣ.

ನೆಗಡಿಗೆ ಆ್ಯಂಟಿಬಯಾಟಿಕ್ ತಗೊಂಡ್ರೆ ಬೇಗ ಹೋಗುತ್ತಾ?

ಇಲ್ಲ. ನೆಗಡಿ ವೈರಸ್ಸಿನಿಂದ ಬರುತ್ತದೆ. ವೈರಸ್ಸಿಗೆ ಪೆಪ್ಟಿಡೋಗ್ಲೈಕನ್ ಗೋಡೆಯೇ ಇಲ್ಲ. ಇಲ್ಲದ ಗೋಡೆಗೆ ಔಷಧಿ ಏನು ಮಾಡೀತು? ಒಮ್ಮೆ ನನ್ನ ಮಗಳಿಗೆ ಮೂಗು ಸೋರುತ್ತಿದ್ದಾಗ ಒಂದು ಔಷಧಿ ಅಂಗಡಿಯಲ್ಲಿ ಚೀಟಿ ಕೇಳದೆ ಮೂರು ಅಮಾಕ್ಸಿಸಿಲಿನ್ ಮಾತ್ರೆ ಕತ್ತರಿಸಿ ಕೊಟ್ಟರು. ವಾಪಸ್ ಕೊಟ್ಟು ಬಂದೆ. ಇವತ್ತಿಗೂ ಆ ಮೂರು ಮಾತ್ರೆ ನೆನಪಾದರೆ ಕೋಪ ಬರುತ್ತದೆ. ಆ ಮಾತ್ರೆ ನೆಗಡಿಯನ್ನು ಮುಟ್ಟುವುದಿಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಮುಟ್ಟುತ್ತದೆ. ಬಚಾವಾದ ಗಟ್ಟಿಗಳು ಮಾತ್ರ ಉಳಿದು ಹೆಚ್ಚುತ್ತವೆ.

ಬ್ಯಾಕ್ಟೀರಿಯಾ ಔಷಧಿಗೆ ಒಗ್ಗಿಹೋಗುತ್ತೆ ಅಂತಾರೆ. ಗೋಡೆ ಗಟ್ಟಿ ಮಾಡಿಕೊಳ್ಳುತ್ತಾ?

ಒಂದೇ ದಾರಿ ಅಲ್ಲ. ಕೆಲವು ಬ್ಯಾಕ್ಟೀರಿಯಾ ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವದಿಂದ ಪೆನಿಸಿಲಿನ್ನನ್ನೇ ಮುರಿಯುತ್ತವೆ. ಗ್ರಾಂ ನೆಗೆಟಿವ್‌ಗಳಲ್ಲಿ ಈ ಕಿಣ್ವ ಎರಡು ಪೊರೆಗಳ ನಡುವಿನ ಜಾಗದಲ್ಲಿ ಕಾಯುತ್ತಿರುತ್ತದೆ. ಕೆಲವು ಪೋರಿನ್ ಕಂಡಿಗಳನ್ನು ಕಡಿಮೆ ಮಾಡುತ್ತವೆ. ಕೆಲವು ಒಳಗೆ ಬಂದದ್ದನ್ನು ಪಂಪ್ ಹಾಕಿ ಹೊರಗೆ ತಳ್ಳುತ್ತವೆ. ಇನ್ನು ಕೆಲವು ಕೊಂಡಿ ಹಾಕುವ ಕಿಣ್ವವನ್ನೇ ಬದಲಾಯಿಸುತ್ತವೆ. ಎಂಆರ್‌ಎಸ್‌ಎ ಅಂತ ಆಸ್ಪತ್ರೆಗಳಲ್ಲಿ ಹೇಳುವುದು ಇಂಥದ್ದಕ್ಕೆ: ಪೆನಿಸಿಲಿನ್ ಜಾತಿಯ ಮೆಥಿಸಿಲಿನ್ ಬಂದ ಎರಡೇ ವರ್ಷದಲ್ಲಿ, 1961ರಲ್ಲಿ, ಅದಕ್ಕೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬ್ರಿಟನ್ನಿನಲ್ಲಿ ಸಿಕ್ಕಿತು.

ಹಂದಿ, ಕೋಳಿ ಸಾಕುವವರಿಗೆ ಒಂದು ಮಾತು. ಕೊಲಿಸ್ಟಿನ್ ಎಂಬ ಔಷಧಿ ಗ್ರಾಂ ನೆಗೆಟಿವ್ ಹೊರಪೊರೆಯ ಆ ಲಿಪೊಪಾಲಿಸ್ಯಾಕರೈಡನ್ನೇ ಹಿಡಿದು ಪೊರೆ ಹರಿಯುತ್ತದೆ. ಬೇರೆ ಯಾವುದೂ ನಾಟದಿದ್ದಾಗ ವೈದ್ಯರು ಕೈ ಹಾಕುವ ಔಷಧಿ ಅದು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಅವುಗಳ ಮೇವಿಗೂ ಅದನ್ನು ಬಳಸುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು. ಹಳೆಯ ಡಬ್ಬ ಮನೆಯಲ್ಲಿ ಉಳಿದಿದ್ದರೆ ಬಳಸಬೇಡಿ.

ಟಿ.ಬಿ.ಗೆ ಆರು ತಿಂಗಳು ಮಾತ್ರೆ ಯಾಕೆ?

ಅದರ ಗೋಡೆಯ ಹೊರಗೆ ಮೈಕಾಲಿಕ್ ಆಮ್ಲದ ಮೇಣದ ಪದರ ಇದೆ. ಗ್ರಾಂ ಬಣ್ಣ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಬಿಸಿ ಮಾಡಿ ಕೆಂಪು ಬಣ್ಣ ಹತ್ತಿಸಿದರೆ ಆಮ್ಲ ಹಾಕಿದರೂ ಬಿಡುವುದಿಲ್ಲ. ಕಫ ಪರೀಕ್ಷೆಯಲ್ಲಿ ಮಾಡುವುದು ಇದೇ. ಮೇಣ ಇರುವುದರಿಂದ ಔಷಧಿ ಒಳಗೆ ಹೋಗುವುದು ನಿಧಾನ. ಎರಡಾಗಲು ಅದಕ್ಕೆ ಸುಮಾರು 15–20 ಗಂಟೆ ಬೇಕು, ಎಷ್ಟೋ ಬ್ಯಾಕ್ಟೀರಿಯಾ ನಿದ್ದೆಯಲ್ಲಿ ಇರುತ್ತವೆ. ಐಸೊನಿಯಾಜಿಡ್ ಮಾತ್ರೆ ಆ ಮೇಣ ತಯಾರಾಗದಂತೆ ತಡೆಯುತ್ತದೆ. ಎರಡು ತಿಂಗಳಿಗೆ ಕೆಮ್ಮು ನಿಂತರೂ ಒಳಗೆ ಕೆಲಸ ಬಾಕಿ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ದಯವಿಟ್ಟು ನಡುವೆ ಬಿಡಬೇಡಿ.

ನಾಟಿ ಸಮಯದಲ್ಲಿ ಬರುವ ಇಲಿ ಜ್ವರದ ಬ್ಯಾಕ್ಟೀರಿಯಾ ಯಾವ ಜಾತಿಯದು?

ಲೆಪ್ಟೊಸ್ಪೈರಾ. ಎರಡು ಪೊರೆ ಇದೆ, ಆ ಲೆಕ್ಕದಲ್ಲಿ ಗ್ರಾಂ ನೆಗೆಟಿವ್ ರಚನೆಯೇ. ಆದರೆ ಅಗಲ ಬರೀ 0.1 ಮೈಕ್ರೋಮೀಟರ್, ಹಾಗಾಗಿ ಗ್ರಾಂ ಸ್ಲೈಡಿನಲ್ಲಿ ಕಾಣುವುದು ಕಷ್ಟ. ಕಪ್ಪು ಹಿನ್ನೆಲೆಯ ಸೂಕ್ಷ್ಮದರ್ಶಕದಲ್ಲಿ ಬೆಳ್ಳಿಯ ಸುರುಳಿ ದಾರದಂತೆ ಕಾಣುತ್ತದೆ. ಬೇರೆ ಬ್ಯಾಕ್ಟೀರಿಯಾಗಳಲ್ಲಿ ಈಜುವ ಬಾಲ ಹೊರಗಿರುತ್ತದೆ. ಇದರ ಬಾಲ ಎರಡು ಪೊರೆಗಳ ನಡುವೆ, ಒಳಗಡೆಯೇ ಇದೆ. ಬಾಲ ತಿರುಗಿದರೆ ಇಡೀ ಮೈ ಸ್ಕ್ರೂ ಹಾಗೆ ತಿರುಗುತ್ತದೆ, ಲೋಳೆಯಂಥ ಜಾಗದಲ್ಲೂ ಕೊರೆದುಕೊಂಡು ಹೋಗುತ್ತದೆ. ಇಲಿ, ದನ, ಹಂದಿಗಳ ಮೂತ್ರ ಸೇರಿದ ಗದ್ದೆ ನೀರಿನಲ್ಲಿ ನಿಂತವರ ಕಾಲಿನ ಸಣ್ಣ ಗಾಯವೇ ಇದಕ್ಕೆ ದಾರಿ.

ಪೆನಿಸಿಲಿನ್ ಇದಕ್ಕೆ ನಾಟುತ್ತದೆ. ಡಾಕ್ಸಿಸೈಕ್ಲಿನ್ ಕೂಡ ನಾಟುತ್ತದೆ, ಆದರೆ ಅದು ಗೋಡೆಯನ್ನು ಅಲ್ಲ, ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಕಂಡರೆ ಮೊದಲ ದಿನಗಳಲ್ಲೇ ಆಸ್ಪತ್ರೆಗೆ ಹೋಗಿ. ಗದ್ದೆಗೆ ಇಳಿದಿದ್ದೆ ಅಂತ ವೈದ್ಯರಿಗೆ ಹೇಳಲು ಮರೆಯಬೇಡಿ.

ಶುಂಠಿ ಒಂದೇ ವಾರದಲ್ಲಿ ಬಾಡಿ ಹೋಯಿತು. ಕೊಳೆ ರೋಗದ ಔಷಧಿ ಹಾಕಿದೆ, ನಿಲ್ಲಲಿಲ್ಲ. ಯಾಕೆ?

ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ಗದ್ದೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದವರ ಮುಖ ನೋಡಿ ಉತ್ತರ ಹೇಳುವುದು ಕಷ್ಟ.

ಶುಂಠಿ ಬಾಡಲು ಎರಡು ದೊಡ್ಡ ಕಾರಣ. ಒಂದು ಪಿಥಿಯಂ, ಕೊಳೆ ರೋಗದ್ದು. ಅದು ಶಿಲೀಂಧ್ರದಂತೆ ಕಾಣುತ್ತದೆ, ಗೋಡೆ ಮುಖ್ಯವಾಗಿ ಗ್ಲೂಕನ್ ಮತ್ತು ಸೆಲ್ಯುಲೋಸಿನದು. ಇನ್ನೊಂದು ರಾಲ್ಸ್ಟೋನಿಯಾ, ದುಂಡಾಣು ಸೊರಗು ರೋಗದ್ದು. ಇದು ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ. ಪಿಥಿಯಂಗೆ ಬಳಸುವ ಮೆಟಲಾಕ್ಸಿಲ್ ಬ್ಯಾಕ್ಟೀರಿಯಾಕ್ಕೆ ಏನೂ ಮಾಡುವುದಿಲ್ಲ. ದುಡ್ಡು ಹೋಯಿತು, ದಿನಗಳೂ ಹೋದವು.

ಯಾವುದು ಅಂತ ಗದ್ದೆ ಬದಿಯಲ್ಲೇ ನೋಡಬಹುದು. ಬಾಡಿದ ಗಿಡದ ಕಾಂಡವನ್ನು ಬುಡದಲ್ಲಿ ಚೊಕ್ಕವಾಗಿ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿ ನೀರು ತೆಗೆದುಕೊಂಡು, ಕತ್ತರಿಸಿದ ತುದಿ ನೀರಿಗೆ ಸ್ವಲ್ಪ ಮುಳುಗುವಂತೆ ಹಿಡಿಯಿರಿ. ಅಲುಗಾಡಿಸಬೇಡಿ. ಕೆಲವು ನಿಮಿಷದಲ್ಲಿ ತುದಿಯಿಂದ ಹಾಲಿನ ನೂಲು ಇಳಿದಂತೆ ಬಿಳಿ ಎಳೆ ನೆಟ್ಟಗೆ ಕೆಳಗೆ ಬಂದರೆ ಅದು ಬ್ಯಾಕ್ಟೀರಿಯಾ. ಆ ಎಳೆ ಕೋಟಿಗಟ್ಟಲೆ ರಾಲ್ಸ್ಟೋನಿಯಾ ಮತ್ತು ಅದರ ಲೋಳೆ. ಗೋಡೆ, ಪೊರೆ ಎರಡರ ಹೊರಗೂ ಅದು ಸಕ್ಕರೆಯ ಈ ಲೋಳೆ ಹೊದ್ದುಕೊಂಡಿರುತ್ತದೆ. ನೀರು ಏರುವ ನಾಳಗಳನ್ನು ಇದೇ ಲೋಳೆ ಕಟ್ಟಿಬಿಡುತ್ತದೆ. ಮಣ್ಣು ಒದ್ದೆ ಇದ್ದರೂ ಗಿಡ ಬಾಯಾರಿ ಬಾಡುತ್ತದೆ.

ಒಮ್ಮೆ ಬಂದರೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯುವ ನಮ್ಮ ಜಾಗದಲ್ಲಿ ಹರಡುವುದೂ ಬೇಗ. ಬಾಡಿದ ಗಿಡವನ್ನು ಗೆಡ್ಡೆ ಸಮೇತ ಕಿತ್ತು ನಾಶ ಮಾಡಿ, ತೋಡಿಗೆ ಎಸೆಯಬೇಡಿ. ಅದೇ ಜಾಗದ ಗೆಡ್ಡೆಯನ್ನು ಬಿತ್ತನೆಗೆ ಇಡಬೇಡಿ. ಬಿತ್ತನೆ ರೋಗ ಇಲ್ಲದ ಜಾಗದಿಂದ ಬರಲಿ. ಮನುಷ್ಯರ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಬೆರೆಸುವವರನ್ನು ಕಂಡಿದ್ದೇನೆ, ಅದು ಬೇಡವೇ ಬೇಡ. ಮುಂದಿನ ಹೆಜ್ಜೆಗೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಗಿಡವನ್ನೂ ಜೊತೆಗೆ ಒಯ್ಯಿರಿ.

ಉಪ್ಪು, ಕಾಚಂಪುಳಿ (ಕೊಡಗಿನ ಹಣ್ಣಿನ ಹುಳಿ), ಜೇನು ಯಾಕೆ ಕೆಡುವುದಿಲ್ಲ?

ಮೊದಲ ಪ್ರಶ್ನೆಯನ್ನು ತಿರುಗಿಸಿ ನೋಡಿ. ಹೊರಗಡೆ ಉಪ್ಪು ಜಾಸ್ತಿಯಾದರೆ ನೀರು ಒಳಗಿನಿಂದ ಹೊರಕ್ಕೆ ಹೋಗುತ್ತದೆ. ಪೊರೆ ಗೋಡೆಯಿಂದ ಬಿಟ್ಟುಕೊಂಡು ಮುದುಡುತ್ತದೆ. ಗೋಡೆ ಇಲ್ಲಿ ಏನೂ ಸಹಾಯ ಮಾಡುವುದಿಲ್ಲ, ಅದು ಉಬ್ಬುವುದನ್ನು ಮಾತ್ರ ತಡೆಯಬಲ್ಲದು. ಜೇನಿನಲ್ಲೂ ಹೀಗೇ, ನೀರು ಸಾಮಾನ್ಯವಾಗಿ ನೂರಕ್ಕೆ 20ಕ್ಕಿಂತ ಕಡಿಮೆ. ಕಾಚಂಪುಳಿಯ ಜೋರು ಹುಳಿಯಲ್ಲಿ ಪೊರೆಯ ಪ್ರೋಟಾನ್ ಲೆಕ್ಕವೇ ತಪ್ಪುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದು ಬಿಟ್ಟು ಹುಳಿಯನ್ನು ಹೊರಗೆ ತಳ್ಳುವುದರಲ್ಲೇ ಸುಸ್ತಾಗುತ್ತದೆ.

ಆದರೆ ಸ್ಟ್ಯಾಫಿಲೋಕಾಕಸ್ಸಿನಂಥ ಕೆಲವು ಉಪ್ಪು ತಡೆದುಕೊಳ್ಳುತ್ತವೆ, ಹಾಗಾಗಿ ಉಪ್ಪಿನಕಾಯಿ ಭರಣಿಗೆ ಬರಿಗೈ ಹಾಕಬೇಡಿ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ, ಎಷ್ಟೇ ಶುದ್ಧ ಕಾಡುಜೇನಾದರೂ. ಅದರಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಬೀಜಕಗಳು ಇರಬಹುದು.

ಬೀಜಕ ಅಂದ್ರೇನು? ಕುದಿಸಿದ್ರೆ ಸಾಯಲ್ವಾ?

ಕಷ್ಟ ಬಂದಾಗ ಕೆಲವು ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾ ತಮ್ಮೊಳಗೆ ಒಂದು ಗಟ್ಟಿ ಬೀಜಕ ಕಟ್ಟಿಕೊಳ್ಳುತ್ತವೆ. ಒಳಗೆ ನೀರು ತೀರಾ ಕಡಿಮೆ, ಸುತ್ತ ವಿಶೇಷ ಪೆಪ್ಟಿಡೋಗ್ಲೈಕನ್ನಿನ ದಪ್ಪ ಪದರ, ಅದರ ಹೊರಗೆ ಪ್ರೋಟೀನಿನ ಕವಚ. ಮಾಮೂಲಿ ಬ್ಯಾಕ್ಟೀರಿಯಾ ಕುದಿಯುವ ನೀರಿನಲ್ಲಿ ಸಾಯುತ್ತವೆ, ಬೀಜಕ ಉಳಿಯಬಹುದು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಆಸ್ಪತ್ರೆಯ ಆಟೋಕ್ಲೇವಿನಲ್ಲಿ 121 ಡಿಗ್ರಿ ಹಬೆ 15 ನಿಮಿಷ ಕೊಡುವುದು ಬೀಜಕಗಳಿಗಾಗಿಯೇ.

ಸೋಪು ಪೊರೆ ಕರಗಿಸುತ್ತಾ?

ಸ್ವಲ್ಪ. ಗ್ರಾಂ ನೆಗೆಟಿವ್ ಹೊರಪೊರೆ ಸೋಪನ್ನು ಚೆನ್ನಾಗಿಯೇ ತಡೆಯುತ್ತದೆ. ಸೋಪಿನ ದೊಡ್ಡ ಉಪಕಾರ ಅಂದರೆ ಬ್ಯಾಕ್ಟೀರಿಯಾವನ್ನು ಚರ್ಮದ ಜಿಡ್ಡಿನ ಸಮೇತ ಎಬ್ಬಿಸಿ ನೀರಿಗೆ ಬಿಡುವುದು. ಅದಕ್ಕೇ ಉಜ್ಜಬೇಕು. ಸ್ಯಾನಿಟೈಸರಿನ ಆಲ್ಕೋಹಾಲು ನೂರಕ್ಕೆ 70ರ ಹತ್ತಿರ ಇರುವಾಗ ಪೊರೆ, ಪ್ರೋಟೀನು ಎರಡನ್ನೂ ಕೆಡಿಸುತ್ತದೆ. ಪ್ರೋಟೀನು ಕೆಡಲು ಸ್ವಲ್ಪ ನೀರೂ ಬೇಕು, ಶುದ್ಧ ಆಲ್ಕೋಹಾಲು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ.

ಗೋಡೆಯೇ ಇಲ್ಲದ ಬ್ಯಾಕ್ಟೀರಿಯಾ ಇದೆಯಾ?

ಇದೆ, ಮೈಕೊಪ್ಲಾಸ್ಮಾ. ನಮ್ಮ ದೇಹದಂಥ ಹದವಾದ ಜಾಗದಲ್ಲೇ ಬದುಕುತ್ತದೆ, ಪೊರೆಗೆ ಸ್ಟೆರಾಲ್ (ಕೊಲೆಸ್ಟರಾಲಿನಂಥ ಕೊಬ್ಬು) ಸೇರಿಸಿಕೊಂಡು ಗಟ್ಟಿಯಾಗುತ್ತದೆ. ಇದರಿಂದ ಬಂದ ನ್ಯುಮೋನಿಯಾಕ್ಕೆ ಪೆನಿಸಿಲಿನ್ ಎಷ್ಟು ಕೊಟ್ಟರೂ ಪ್ರಯೋಜನ ಇಲ್ಲ. ಬೇರೆ ಔಷಧಿ ಬೇಕು.

ಸೂಕ್ಷ್ಮದರ್ಶಕ ಇಲ್ಲದ ಶಾಲೆಯಲ್ಲಿ ಇದನ್ನು ತೋರಿಸಬಹುದಾ?

ಒಂದು ಪ್ರಯೋಗ ಇದೆ. ನೂರಕ್ಕೆ 3ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಬೇಕು. ಅದು ಚರ್ಮ, ಕಣ್ಣು ಸುಡುತ್ತದೆ, ಆದ್ದರಿಂದ ಕೈಗವಸು, ಕನ್ನಡಕ ಹಾಕಿಕೊಂಡು ಶಿಕ್ಷಕರೇ ಮಾಡಬೇಕು. ಗಾಜಿನ ಮೇಲೆ ಎರಡು ಹನಿ ಬಿಡಿ. ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ಒಂದು ಗುಡ್ಡೆಯನ್ನು ಒಂದು ಹನಿಗೆ ಬೆರೆಸಿ, ಹಲ್ಲುಕಡ್ಡಿಯಲ್ಲಿ ಅರ್ಧ ನಿಮಿಷ ತಿರುಗಿಸಿ, ಕಡ್ಡಿಯನ್ನು ಮೆಲ್ಲಗೆ ಎತ್ತಿ. ನಾನು ಒಂದು ಹನಿಗೆ ಮೊಸರಿನಿಂದ ಬೆಳೆಸಿದ್ದನ್ನು ಹಾಕುತ್ತೇನೆ, ಇನ್ನೊಂದಕ್ಕೆ ಬಾಡಿದ ಶುಂಠಿಯಿಂದ ಬೆಳೆಸಿದ್ದನ್ನು. ಮೊಸರಿನದು ಕಲಸಿದ ನೀರಾಗಿಯೇ ಉಳಿಯುತ್ತದೆ, ಅದರ ದಪ್ಪ ಗೋಡೆ ಕ್ಷಾರಕ್ಕೆ ಜಗ್ಗುವುದಿಲ್ಲ. ಶುಂಠಿಯದು ಮಂದವಾಗುತ್ತದೆ. ಕಡ್ಡಿ ಎತ್ತಿದರೆ ಹಲಸಿನ ಮೇಣದಂತೆ ಒಂದು ನೂಲು ಜೊತೆಗೇ ಏಳುತ್ತದೆ, ಒಂದು ಸೆಂಟಿಮೀಟರಿನಷ್ಟು ಉದ್ದಕ್ಕೂ ಬರಬಹುದು. ಹೊರಪೊರೆ, ತೆಳು ಗೋಡೆ ಎರಡೂ ಹರಿದು ಹೊರಗೆ ಬಂದ ಡಿಎನ್‌ಎ ಅದು. ಕಿಟಕಿಯ ಬೆಳಕಿಗೆ ಹಿಡಿದರೆ ಕೊನೆಯ ಬೆಂಚಿನ ಮಕ್ಕಳಿಗೂ ಕಾಣುತ್ತದೆ.